ಅಡ್ಡ ಹಿಡಿದ ಪರದೆಯೂ ಅರ್ಧ ತುಂಬಿದ ಅರ್ಜಿಯೂ

ಅರ್ಜಿಯೊಂದನ್ನು ತುಂಬತೊಡಗಿದ ಮನುಷ್ಯನು, ಅದನ್ನು ಒಪ್ಪಿಸುವ ಕ್ಷಣದವರೆಗೂ, ತನ್ನ ಮಾತನ್ನು ಇನ್ನೂ ಆಡಿ ಮುಗಿಸದವನೇ ಆಗಿರುತ್ತಾನೆ. ಹೆಸರು, ತಂದೆಯ ಹೆಸರು, ಊರು, ಹೋಬಳಿ, ಸರ್ವೆ ನಂಬರು, ಬ್ಯಾಂಕಿನ ಖಾತೆಯ ಸಂಖ್ಯೆ ಎಂದು ಒಂದೊಂದನ್ನೇ ಜ್ಞಾಪಿಸಿಕೊಂಡು, ಹಳೆಯ ಕಾಗದಪತ್ರಗಳನ್ನು ಮಗುಚಿ ನೋಡಿ, ತಪ್ಪಿದಲ್ಲಿ ತಿದ್ದಿ ಆತನು ಬರೆದಿಟ್ಟ ಅಕ್ಷರಗಳು ಇನ್ನೂ ಯಾವ ಕಚೇರಿಯನ್ನೂ ಸೇರಿರುವುದಿಲ್ಲ. ಆದರೂ ಅವು ಆತನ ಶ್ರಮದಿಂದ ಹುಟ್ಟಿದವು, ಆದುದರಿಂದ ಆತನವೇ. ಕಾಗದದ ಕಾಲದಲ್ಲಿ, ಹಾಳೆಯನ್ನು ಅಡ್ಡ ಹಿಡಿದ ಮಾತ್ರಕ್ಕೆ ಶಾಯಿ ಅಳಿಸಿಹೋದುದನ್ನು ಯಾರೂ ಕಂಡಿರಲಿಲ್ಲ. ಅಂಗೈಯಗಲದ ಗಾಜಿನ ಪರದೆಯ ಮೇಲೆ ಬರೆಯುವ ಕಾಲ ಬಂದ ಮೇಲೆ ಮಾತ್ರ ಅಂತಹ ವಿಪರೀತವು ಸಂಭವಿಸತೊಡಗಿತು: ಫೋನನ್ನು ಉದ್ದಕ್ಕೆ ಹಿಡಿದು ಬರೆದುದು, ಅದನ್ನು ಅಡ್ಡಕ್ಕೆ ತಿರುಗಿಸಿದೊಡನೆ ಇಲ್ಲವಾಯಿತು. ಈ ನಷ್ಟವು ಎಲ್ಲಿ ಹುಟ್ಟಿತು, ಯಾವ ಸದುದ್ದೇಶದಿಂದ ಹುಟ್ಟಿತು, ಅದನ್ನು ತಡೆಯಲು ಆ್ಯಪುಗಳನ್ನು ಕಟ್ಟುವವರು ವರ್ಷ ವರ್ಷಕ್ಕೆ ಏನೇನು ಉಪಾಯಗಳನ್ನು ಹೂಡಿದರು ಎಂಬ ವೃತ್ತಾಂತವು, ಈ ಹೊಸ ವೃತ್ತಿಯ ಚರಿತ್ರೆಯಲ್ಲಿ ಚಿಕ್ಕ ಅಧ್ಯಾಯವೇ ಸರಿ. ಆದರೆ ಬರೆಯುವವನ ಮಾತಿಗೆ ಯಂತ್ರವು ಎಷ್ಟು ಗೌರವ ಕೊಡಬೇಕೆಂಬ ಪ್ರಶ್ನೆಯು ಅದರಲ್ಲಿ ಅಡಗಿರುವುದರಿಂದ, ನನ್ನ ಮಟ್ಟಿಗೆ ಅದು ಅಲ್ಪ ವಿಷಯವಲ್ಲ.

ಕೈಯಲ್ಲಿ ಹಿಡಿಯುವ ಗಣಕಗಳ ಮೊದಲ ಪೀಳಿಗೆಯಲ್ಲಿ ಈ ತೊಡಕು ಇರಲಿಲ್ಲ. 1996ರಲ್ಲಿ ಮಾರುಕಟ್ಟೆಗೆ ಬಂದ ಪೈಲಟ್ ಎಂಬ ಯಂತ್ರವು, ಅದರ ಚಿಕ್ಕ ಮಾದರಿಯಲ್ಲಿ ಕೇವಲ 128 ಕಿಲೋಬೈಟುಗಳಷ್ಟು ಸ್ಮೃತಿಯನ್ನು ಹೊಂದಿತ್ತು; ಅದರ ಪರದೆ ತಿರುಗುತ್ತಿರಲಿಲ್ಲ; ಒಂದು ಹೊತ್ತಿಗೆ ಒಂದೇ ಆ್ಯಪು ಕಣ್ಣಮುಂದೆ ಓಡುತ್ತಿತ್ತು. ಆದರೆ ಆ ಬಡತನದಲ್ಲಿಯೇ ಒಂದು ಘನವಾದ ಸಂಪ್ರದಾಯವು ಬೆಳೆಯಿತು. ‘ಉಳಿಸು’ ಎಂಬ ಆಜ್ಞೆಯೇ ಅಲ್ಲಿ ಬೇಕಾಗಿರಲಿಲ್ಲ. ಬಳಕೆದಾರನು ಒಂದು ಆ್ಯಪಿನಿಂದ ಮತ್ತೊಂದಕ್ಕೆ ಹೋಗಲು ಗುಂಡಿಯೊತ್ತಿದೊಡನೆ, ಮೊದಲಿನದಕ್ಕೆ ನಿಲ್ಲೆಂಬ ಸೂಚನೆ ಹೋಗುತ್ತಿತ್ತು, ಅದು ತನ್ನ ಬಳಿಯಿದ್ದುದೆಲ್ಲವನ್ನೂ ಬರೆದಿಟ್ಟು ಮರೆಯಾಗುತ್ತಿತ್ತು, ಮತ್ತೆ ಕರೆದಾಗ ಬಿಟ್ಟ ಪುಟದಲ್ಲಿಯೇ ಕಾಣಿಸಿಕೊಳ್ಳುತ್ತಿತ್ತು. ಆ್ಯಪಿನ ಸಾವು ಬಳಕೆದಾರನಿಗೆ ತಿಳಿಯಬಾರದು ಎಂಬುದು ಅಲ್ಲಿನ ಶೀಲವಾಗಿತ್ತು. ಪರದೆಯು ತಿರುಗುವುದು ವಿಂಡೋಸ್ ಮೊಬೈಲಿನ ಲೋಕಕ್ಕೆ 2004ರಲ್ಲಿ ಬಂದಿತಾದರೂ, ಅಲ್ಲಿ ವ್ಯವಸ್ಥೆಯು ಆ್ಯಪಿನ ಕಿಟಕಿಗೆ ‘ನಿನ್ನ ಅಳತೆ ಬದಲಾಯಿತು’ ಎಂದು ತಿಳಿಸಿ ಸುಮ್ಮನಾಗುತ್ತಿತ್ತು. ಕಿಟಕಿಯು ತನ್ನ ಅಂಗಾಂಗಗಳನ್ನು ಸರಿಸಿಕೊಳ್ಳುತ್ತಿತ್ತು. ಅಕ್ಷರಗಳು ಇದ್ದಲ್ಲಿಯೇ ಇರುತ್ತಿದ್ದವು. 2007ರ ಐಫೋನು ಕೂಡ ಅದೇ ಹಾದಿಯನ್ನು ಹಿಡಿಯಿತು. ಅದರಲ್ಲಿ ಚಲನೆಯನ್ನು ಗ್ರಹಿಸುವ ಒಂದು ಸಣ್ಣ ಅಂಗವಿದ್ದು, ಫೋನನ್ನು ತಿರುಗಿಸಿದೊಡನೆ ಚಿತ್ರವೂ ತಿರುಗುವುದನ್ನು ಕಂಡು ಜನ ಬೆರಗಾದರು. ಆದರೆ ಆ ತಿರುಗುವಿಕೆಯ ಹಿಂದೆ, ಪುಟವನ್ನು ಆಳುವ ವಸ್ತುವು ಜೀವಂತವಾಗಿಯೇ ಉಳಿದು, ಹೊಸ ಅಳತೆಗೆ ತನ್ನನ್ನು ಹೊಂದಿಸಿಕೊಳ್ಳುತ್ತಿತ್ತು.

ಆಂಡ್ರಾಯ್ಡು ಆರಿಸಿಕೊಂಡ ದಾರಿ ಬೇರೆ. 2003ರಲ್ಲಿ ಸ್ಥಾಪಿತವಾಗಿ, 2005ರಲ್ಲಿ ಗೂಗಲ್ಲಿನ ವಶಕ್ಕೆ ಬಂದ ಆ ಚಿಕ್ಕ ಸಂಸ್ಥೆಯನ್ನು ಸೇರಿದ ಎಂಜಿನಿಯರುಗಳಲ್ಲಿ ಹಲವರು, ಪೈಲಟ್ಟಿನ ತಂತ್ರಾಂಶವನ್ನು ಮುಂದುವರಿಸುತ್ತಿದ್ದ ಪಾಮ್‌ಸೋರ್ಸಿನಿಂದ ಬಂದವರು. ಆ ವ್ಯವಸ್ಥೆಯ ಚೌಕಟ್ಟನ್ನು ರೂಪಿಸುವುದರಲ್ಲಿ ಪ್ರಮುಖ ಪಾತ್ರ ವಹಿಸಿದ ಡಯಾನ್ ಹ್ಯಾಕ್‌ಬಾರ್ನ್ ಅವರೂ ಬಿ ಎಂಬ ಸಂಸ್ಥೆಯಿಂದ ಪಾಮ್‌ಸೋರ್ಸಿಗೆ, ಅಲ್ಲಿಂದ ಆಂಡ್ರಾಯ್ಡಿಗೆ ಬಂದವರೇ. ಆ್ಯಪು ಯಾವಾಗ ಬೇಕಾದರೂ ಸಾಯಬಹುದು, ಆದರೆ ಬಳಕೆದಾರನಿಗೆ ಅದು ಸತ್ತಂತೆ ತೋರಬಾರದು ಎಂಬ ಹಳೆಯ ಶೀಲವು ಹೊಸ ಮನೆಯಲ್ಲಿಯೂ ಬೇರೂರಿತು. ಅಲ್ಲಿ ಪ್ರತಿಯೊಂದು ಪುಟಕ್ಕೂ ಆ್ಯಕ್ಟಿವಿಟಿ ಎಂದು ಹೆಸರು. ಸ್ಮೃತಿಯು ಸಾಲದಾದಾಗ, ಹಿನ್ನೆಲೆಗೆ ಸರಿದ ಆ್ಯಪುಗಳನ್ನು ಅವುಗಳ ಪ್ರಾಮುಖ್ಯದ ಕ್ರಮವನ್ನನುಸರಿಸಿ ಕೊಂದು ಜಾಗ ಮಾಡಿಕೊಳ್ಳುವ ಅಧಿಕಾರವನ್ನು ವ್ಯವಸ್ಥೆಯು ತನ್ನಲ್ಲಿಯೇ ಇರಿಸಿಕೊಂಡಿತು. ಕೊಲ್ಲುವುದಕ್ಕೆ ಮುನ್ನವೇ ಪುಟದ ಸ್ಥಿತಿಯನ್ನು ಬಂಡಲ್ ಎಂಬ ಒಂದು ಚಿಕ್ಕ ಸಂಚಿಯಲ್ಲಿ ತುಂಬಿಸಿಕೊಂಡು, ಮತ್ತೆ ಬೇಕಾದಾಗ ಹೊಸ ಪುಟವನ್ನು ಸೃಷ್ಟಿಸಿ ಆ ಸಂಚಿಯನ್ನು ಅದರ ಕೈಗೆ ಕೊಡುವ ಕ್ರಮವನ್ನೂ ನಿರ್ಮಿಸಿತು.

ಇಷ್ಟು ಮಾತ್ರವೇ ಆಗಿದ್ದರೆ ತಿರುಗುವ ಪರದೆಗೂ ಇದಕ್ಕೂ ಸಂಬಂಧವಿರುತ್ತಿರಲಿಲ್ಲ. ಸಂಬಂಧವು ಬಂದುದು ಮತ್ತೊಂದು ಕಡೆಯಿಂದ. ಆ್ಯಪಿನ ಚಿತ್ರಗಳು, ಪುಟವಿನ್ಯಾಸಗಳು, ಮಾತುಗಳು ಎಲ್ಲವನ್ನೂ ಆಂಡ್ರಾಯ್ಡಿನಲ್ಲಿ ಬೇರೆ ಬೇರೆ ಹೆಸರಿನ ಕಡತಕೋಶಗಳಲ್ಲಿ ಇರಿಸುತ್ತಾರೆ: ಉದ್ದ ಪರದೆಗೊಂದು, ಅಡ್ಡ ಪರದೆಗೊಂದು, ಇಂಗ್ಲಿಷಿಗೊಂದು, ಕನ್ನಡಕ್ಕೊಂದು, ಸಾಂದ್ರತೆ ಹೆಚ್ಚಿರುವ ಪರದೆಗೊಂದು. ಪರಿಸ್ಥಿತಿಗೆ ತಕ್ಕುದನ್ನು ಆರಿಸಿಕೊಳ್ಳುವುದು ವ್ಯವಸ್ಥೆಯ ಕೆಲಸ. ಪರಿಸ್ಥಿತಿಯೇ ಬದಲಾದರೆ? ಹಳೆಯ ಕೋಶಗಳಿಂದ ಆರಿಸಿ ಕಟ್ಟಿದ ಪುಟದಲ್ಲಿ ಯಾವ ಚಿತ್ರ, ಯಾವ ಮಾತು, ಯಾವ ಅಳತೆ ಎಲ್ಲೆಲ್ಲಿ ಸೇರಿಹೋಗಿದೆಯೆಂದು ಹುಡುಕಿ ಒಂದೊಂದನ್ನೇ ಬದಲಿಸುವುದು ದುಸ್ಸಾಧ್ಯ; ಪುಟವನ್ನೇ ಕೆಡವಿ, ಹೊಸ ಕೋಶಗಳಿಂದ ಪುನಃ ಕಟ್ಟುವುದು ಸುಲಭ ಮಾತ್ರವಲ್ಲ, ನಿಷ್ಕೃಷ್ಟವೂ ಹೌದು. ಕೆಡವಿ ಕಟ್ಟುವ ಯಂತ್ರಾಂಗವು ಸಾವಿನ ನೆಪದಲ್ಲಿ ಮೊದಲೇ ಸಿದ್ಧವಾಗಿತ್ತು, ಸಂಚಿಯೂ ಸಿದ್ಧವಾಗಿತ್ತು. ಆದುದರಿಂದ, ಪರದೆಯು ತಿರುಗಿದೊಡನೆ ಕಣ್ಣಮುಂದಿರುವ ಪುಟವನ್ನು ನಾಶಮಾಡಿ, ಮರುಕ್ಷಣದಲ್ಲಿ ಅದನ್ನು ಮತ್ತೆ ಹುಟ್ಟಿಸುವುದೆಂದು ನಿಶ್ಚಯವಾಯಿತು. ಈ ನಿಶ್ಚಯವನ್ನು ಅವಿವೇಕವೆಂದು ಹಳಿದವರು ಬಹಳ ಮಂದಿ. ನಾನು ಅವರ ಪಕ್ಷವನ್ನು ಹಿಡಿಯಲಾರೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನನ್ನು ತೈವಾನಿನ ಎಚ್‌ಟಿಸಿ ಸಂಸ್ಥೆ ತಯಾರಿಸಿತ್ತು; ಟಿ-ಮೊಬೈಲ್ ಜಿ1 ಎಂದು ಅದರ ಹೆಸರು. ಅದರ ಸ್ಮೃತಿ 192 ಮೆಗಾಬೈಟು, ಪರದೆಯ ಅಳತೆ 320ಕ್ಕೆ 480 ಬಿಂದುಗಳು. ಒಂದೊಂದು ಆ್ಯಪಿಗೂ ತನ್ನ ವಸ್ತುಗಳನ್ನಿಟ್ಟುಕೊಳ್ಳಲು ದೊರೆಯುತ್ತಿದ್ದುದು 16 ಮೆಗಾಬೈಟು ಮಾತ್ರ. ಆ ಫೋನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪರದೆಯ ಮೇಲೆಯೇ ಮೂಡುವ ಕೀಲಿಮಣೆಯು ಆಗಿನ್ನೂ ಆಂಡ್ರಾಯ್ಡಿನಲ್ಲಿ ಇರಲಿಲ್ಲ. ಒಂದೇ ಒಂದು ಅಕ್ಷರವನ್ನು ಬರೆಯಬೇಕಾದರೂ ಪರದೆಯನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗೆ ಅಡಗಿದ್ದ ಗುಂಡಿಗಳ ಮಣೆಯನ್ನು ಹೊರಗೆ ತೆಗೆಯಬೇಕಾಗಿತ್ತು; ಅದು ಹೊರಗೆ ಬಂದೊಡನೆ ಪರದೆಯು ಅಡ್ಡವಾಗುತ್ತಿತ್ತು; ಬರೆದು ಮುಗಿಸಿ ಮಣೆಯನ್ನು ಒಳಗೆ ತಳ್ಳಿದೊಡನೆ ಮತ್ತೆ ಉದ್ದವಾಗುತ್ತಿತ್ತು. ಎಂದರೆ ಆ ಫೋನಿನಲ್ಲಿ ಬರೆಯುವುದು ಬೇರೆ, ತಿರುಗಿಸುವುದು ಬೇರೆ ಆಗಿರಲೇ ಇಲ್ಲ. ಹೆಸರನ್ನು ಬರೆಯುವವನು ಮೊದಲು ಪುಟವೊಂದರ ನಾಶಕ್ಕೆ, ಬರೆದಾದ ಮೇಲೆ ಇನ್ನೊಂದರ ನಾಶಕ್ಕೆ ಕಾರಣನಾಗುತ್ತಿದ್ದನು. ಪಠ್ಯವನ್ನು ಸಂಚಿಯಲ್ಲಿ ಕಾಪಾಡುವ ವ್ಯವಸ್ಥೆಯು ಮೊದಲ ದಿನದಿಂದಲೇ ನೆಟ್ಟಗೆ ನಡೆಯದಿದ್ದರೆ ಅದರಲ್ಲಿ ಒಂದು ವಿಳಾಸವನ್ನೂ ತುಂಬುವುದು ಸಾಧ್ಯವಾಗುತ್ತಿರಲಿಲ್ಲ. ಬರಹದ ರಕ್ಷಣೆಯು ಆಮೇಲೆ ಹಚ್ಚಿದ ತೇಪೆಯಲ್ಲ, ಮೂಲಪಾಯದಲ್ಲಿಯೇ ಇದ್ದ ಕಲ್ಲು ಎಂಬುದನ್ನು ಈ ಫೋನಿನ ಶರೀರವೇ ಸಾರುತ್ತದೆ. 2009ರ ಏಪ್ರಿಲಿನಲ್ಲಿ ಬಂದ ಆಂಡ್ರಾಯ್ಡ್ 1.5, ಪರದೆಯ ಮೇಲಿನ ಕೀಲಿಮಣೆಯನ್ನೂ, ಚಲನೆಯನ್ನು ಗ್ರಹಿಸಿ ಆ್ಯಪುಗಳನ್ನು ತಿರುಗಿಸುವ ಸೌಕರ್ಯವನ್ನೂ ಒಟ್ಟಿಗೆ ತಂದಿತು. ಅಲ್ಲಿಂದ ಮುಂದೆ ಪುಟದ ನಾಶಕ್ಕೆ ಬಳಕೆದಾರನ ಸಂಕಲ್ಪವೂ ಬೇಕಾಗಲಿಲ್ಲ, ಹಾಸಿಗೆಯ ಮೇಲೆ ಮಗ್ಗುಲು ಬದಲಿಸಿದರೆ ಸಾಕಾಯಿತು.

ಪಠ್ಯವು ಸಂಚಿಗೆ ಸೇರುವ ಬಗೆಯನ್ನು ತಿಳಿಯದೆ ಮುಂದಿನ ಕಷ್ಟಗಳು ಅರ್ಥವಾಗುವುದಿಲ್ಲ. ಪುಟವು ನಾಶವಾಗುವ ಮುನ್ನ ವ್ಯವಸ್ಥೆಯು ಅದರ ಮೇಲಿನ ಪ್ರತಿಯೊಂದು ಅಂಗವನ್ನೂ, ಎಂದರೆ ಬರೆಯುವ ಚೌಕವನ್ನೂ ಗುರುತು ಹಾಕುವ ಪೆಟ್ಟಿಗೆಯನ್ನೂ, ಸಂದರ್ಶಿಸಿ ‘ನಿನ್ನಲ್ಲಿ ಕಾಪಾಡತಕ್ಕುದೇನಿದೆ?’ ಎಂದು ಕೇಳುತ್ತದೆ. ಬರೆಯುವ ಚೌಕವು ತನ್ನಲ್ಲಿರುವ ಪಠ್ಯವನ್ನು ತಾನಾಗಿಯೇ ಒಪ್ಪಿಸುತ್ತದೆ. ಡೆವಲಪರನು ಅದಕ್ಕಾಗಿ ಒಂದು ಸಾಲನ್ನೂ ಬರೆಯಬೇಕಾಗಿಲ್ಲ. ಆದರೆ ಒಂದು ನಿಬಂಧನೆಯುಂಟು: ಆ ಅಂಗಕ್ಕೆ ಗುರುತಿನ ಸಂಖ್ಯೆಯೊಂದನ್ನು, ಐಡಿಯನ್ನು, ಕೊಟ್ಟಿರಬೇಕು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವವನು ಬಿಲ್ಲೆಯಿಲ್ಲದ ಜೋಡಿಗೆ ಹೊಣೆಯಾಗದಂತೆ, ಐಡಿಯಿಲ್ಲದ ಚೌಕದ ಪಠ್ಯಕ್ಕೆ ವ್ಯವಸ್ಥೆಯು ಹೊಣೆಯಲ್ಲ. ಕೇಳಲು ಬಂದವರಿಗೆ ಹಿಂದಿರುಗಿಸಬೇಕಾದರೆ ಯಾವುದು ಯಾರದೆಂದು ತಿಳಿಯಬೇಕಷ್ಟೆ. ಐಡಿಯನ್ನು ಕೊಡಲು ಮರೆತ ಒಂದೇ ಕಾರಣದಿಂದ ಕಳೆದುಹೋದ ಬರಹವು ಎಷ್ಟೆಂದು ಯಾರೂ ಲೆಕ್ಕ ಹಾಕಲಾರರು.

ಅದಕ್ಕಿಂತ ಸೂಕ್ಷ್ಮವಾದ ಪ್ರಮಾದವು ಒಂದೇ ಬಿಲ್ಲೆಯನ್ನು ಇಬ್ಬರಿಗೆ ಕೊಡುವುದರಿಂದ ಆಗತಕ್ಕದ್ದು. ಕುಟುಂಬದ ಸದಸ್ಯರ ವಿವರಗಳನ್ನು ತುಂಬುವ ಅರ್ಜಿಯೊಂದಿದೆಯೆನ್ನಿ. ಡೆವಲಪರನು ಹೆಸರು, ವಯಸ್ಸು, ಸಂಬಂಧ ಎಂಬ ಮೂರು ಚೌಕಗಳ ಒಂದು ಪಂಕ್ತಿಯನ್ನು ರಚಿಸಿ, ಅದೇ ಪಂಕ್ತಿಯನ್ನು ನಾಲ್ಕು ಬಾರಿ ಒಂದರ ಕೆಳಗೊಂದರಂತೆ ಪುಟಕ್ಕೆ ಸೇರಿಸುತ್ತಾನೆ. ನಾಲ್ಕು ಪಂಕ್ತಿಗಳ ‘ಹೆಸರು’ ಚೌಕಕ್ಕೂ ಒಂದೇ ಐಡಿ. ಬಳಕೆದಾರನು ಗಂಡ, ಹೆಂಡತಿ, ಮಗ, ಮಗಳು ಎಂದು ನಾಲ್ವರ ಹೆಸರುಗಳನ್ನು ಬರೆದು ಫೋನನ್ನು ತಿರುಗಿಸುತ್ತಾನೆ. ಸಂಚಿಯಲ್ಲಿ ಆ ಐಡಿಗೆ ಇರುವುದು ಒಂದೇ ಸ್ಥಾನವಾದುದರಿಂದ, ಮೊದಲ ಹೆಸರಿನ ಮೇಲೆ ಎರಡನೆಯದು, ಎರಡನೆಯದರ ಮೇಲೆ ಮೂರನೆಯದು ಬಿದ್ದು, ಕಟ್ಟಕಡೆಗೆ ಮಗಳ ಹೆಸರು ಮಾತ್ರ ಉಳಿಯುತ್ತದೆ. ಹೊಸ ಪುಟವು ಎದ್ದು ನಿಂತಾಗ ನಾಲ್ಕು ಚೌಕಗಳಲ್ಲಿಯೂ ಮಗಳ ಹೆಸರೇ ಕಾಣಿಸುತ್ತದೆ. ಖಾಲಿಯಾದ ಅರ್ಜಿಯನ್ನು ಕಂಡವನು ಬೇಸರಪಟ್ಟಾದರೂ ಮತ್ತೆ ತುಂಬುತ್ತಾನೆ. ತಪ್ಪಾಗಿ ತುಂಬಿದ ಅರ್ಜಿಯನ್ನು ಕಾಣದೆಯೇ ಒಪ್ಪಿಸಿಬಿಡುವ ಸಂಭವವಿದೆ. ಆದುದರಿಂದ ನಷ್ಟಕ್ಕಿಂತ ಈ ವಿಪರ್ಯಾಸವು ಹೆಚ್ಚು ಭಯಂಕರವಾದುದು.

ಇನ್ನೊಂದು ಪ್ರಮಾದವು ಕ್ರಮಕ್ಕೆ ಸಂಬಂಧಿಸಿದುದು. ಹೊಸ ಪುಟವು ಹುಟ್ಟುವಾಗ ಸಂಚಿಯೊಳಗಿನ ಪಠ್ಯವು ಚೌಕಗಳಿಗೆ ಹಿಂದಿರುಗುವುದು ಒಂದು ನಿಯತ ಹಂತದಲ್ಲಿ. ಪುಟವು ಬಳಕೆದಾರನ ಸ್ಪರ್ಶಕ್ಕೆ ಸಿದ್ಧವಾಗುವುದು ಅದರ ಮುಂದಿನ ಹಂತದಲ್ಲಿ. ಹಳೆಯ ದಾಖಲೆಯನ್ನು ತಿದ್ದುವ ಅರ್ಜಿಯಲ್ಲಿ, ಸರ್ವರಿನಿಂದ ತಂದ ಹಳೆಯ ವಿಳಾಸವನ್ನು ಈ ಎರಡನೆಯ ಹಂತದಲ್ಲಿ ಚೌಕಕ್ಕೆ ತುಂಬುವ ಅಭ್ಯಾಸವು ಎಷ್ಟೋ ಡೆವಲಪರುಗಳಲ್ಲಿ ಇತ್ತು. ಫಲವಾಗಿ, ಬಳಕೆದಾರನು ತಿದ್ದಿದ ಹೊಸ ವಿಳಾಸವನ್ನು ವ್ಯವಸ್ಥೆಯು ಪ್ರಾಮಾಣಿಕವಾಗಿ ಕಾಪಾಡಿ ತಂದು ಚೌಕದಲ್ಲಿರಿಸಿದ ಮರುಕ್ಷಣವೇ, ಆ್ಯಪಿನ ಕೈಯೇ ಅದನ್ನು ಅಳಿಸಿ ಹಳೆಯದನ್ನು ಬರೆಯುತ್ತಿತ್ತು. ದೂಷಣೆಯು ಮಾತ್ರ ತಿರುಗಿದ ಪರದೆಯ ಮೇಲೆ ಬಂದಿತು.

ಚೌಕಗಳಲ್ಲಿನ ಪಠ್ಯಕ್ಕೆ ಸಂಚಿ ಸಾಕು. ಆದರೆ ಸಂಚಿಗೆ ಹಾಕಲಾಗದ ವಸ್ತುಗಳೂ ಅರ್ಜಿಯ ಹಿಂದೆ ಇರುತ್ತವೆ. ‘ಒಪ್ಪಿಸು’ ಎಂಬ ಗುಂಡಿಯನ್ನೊತ್ತಿದ ಮೇಲೆ ಅರ್ಜಿಯು ಜಾಲದ ಮೂಲಕ ಪ್ರಯಾಣ ಮಾಡುತ್ತಿರುವಾಗ ಫೋನು ತಿರುಗಿದರೆ, ಕಳುಹಿಸಿದ ಪುಟವು ಸತ್ತಿರುತ್ತದೆ, ಕಳುಹಿಸುವ ಕೆಲಸವು ಬದುಕಿರುತ್ತದೆ. ಉತ್ತರವು ಬಂದಾಗ ಅದನ್ನು ಪಡೆಯುವವರಿಲ್ಲ. ‘ದಯವಿಟ್ಟು ಕಾಯಿರಿ’ ಎಂಬ ಫಲಕವನ್ನು ಮುಚ್ಚಲು ಹೋದ ಕೆಲಸವು, ಆ ಫಲಕವು ಅಂಟಿಕೊಂಡಿದ್ದ ಪುಟವೇ ಇಲ್ಲದುದನ್ನು ಕಂಡು ಇಡೀ ಆ್ಯಪನ್ನೇ ಕೆಡವುತ್ತಿತ್ತು. ಹೊಸ ಪುಟದಲ್ಲಿ ಮತ್ತೆ ಅದೇ ಗುಂಡಿಯನ್ನು ಕಂಡ ಬಳಕೆದಾರನು ಮತ್ತೊಮ್ಮೆ ಒತ್ತುತ್ತಿದ್ದನು, ಒಂದೇ ಅರ್ಜಿಯು ಎರಡು ಬಾರಿ ಸಲ್ಲುತ್ತಿತ್ತು. ಇದಕ್ಕೆ ಪರಿಹಾರವೂ ಮೊದಲ ಆವೃತ್ತಿಯಲ್ಲಿಯೇ ಇತ್ತು: ಸಾಯುವ ಪುಟವು ಒಂದು ಜೀವಂತ ವಸ್ತುವನ್ನು ಹುಟ್ಟುವ ಪುಟದ ಕೈಗೆ ನೇರವಾಗಿ ದಾಟಿಸಬಹುದಾದ ಒಂದು ಗುಪ್ತ ದ್ವಾರ. ಅದನ್ನು ಬಲ್ಲವರು ಕಡಿಮೆ, ಬಳಸಿದವರು ಇನ್ನೂ ಕಡಿಮೆ. 2011ರಲ್ಲಿ ಫ್ರಾಗ್ಮೆಂಟುಗಳೆಂಬ ಪುಟಭಾಗಗಳು ಬಂದ ಮೇಲೆ, ಸಾಯದೆ ಉಳಿಯುವ ಅದೃಶ್ಯ ಫ್ರಾಗ್ಮೆಂಟೊಂದನ್ನು ಇಟ್ಟುಕೊಳ್ಳುವ ಉಪಾಯವು ರೂಢಿಗೆ ಬಂದು, ಹಳೆಯ ದ್ವಾರವನ್ನು ಬಳಸಬೇಡಿರೆಂದು ವ್ಯವಸ್ಥೆಯೇ ಸೂಚಿಸಿತು.

ಇಷ್ಟೆಲ್ಲ ಶಿಸ್ತನ್ನು ಕಲಿಯುವ ತಾಳ್ಮೆ ಬಹುಜನರಿಗೆ ಇರಲಿಲ್ಲ. ಅವರ ಮುಂದೆ ಎರಡು ಅಡ್ಡದಾರಿಗಳಿದ್ದವು. ಒಂದು, ಪರದೆಯು ತಿರುಗಲೇಬಾರದೆಂದು ಬೀಗ ಹಾಕುವುದು. ಎರಡು, ಆ್ಯಪಿನ ಘೋಷಣಾಪತ್ರದಲ್ಲಿ ‘ಈ ಬದಲಾವಣೆಯನ್ನು ನಾನೇ ನೋಡಿಕೊಳ್ಳುತ್ತೇನೆ, ನನ್ನ ಪುಟವನ್ನು ಕೆಡವಬೇಡ’ ಎಂದು ಒಂದು ಸಾಲನ್ನು ಬರೆದುಬಿಡುವುದು. ಎರಡನೆಯದಕ್ಕೆ ನ್ಯಾಯವಾದ ಸಂದರ್ಭಗಳಿವೆ. ಚಲಚ್ಚಿತ್ರ ಓಡುತ್ತಿರುವ ಪುಟಕ್ಕೆ, ಆಟದ ಪುಟಕ್ಕೆ, ಜಾಲಪುಟವನ್ನು ತನ್ನೊಳಗೆ ತೋರಿಸುವ ಪುಟಕ್ಕೆ ಅದು ಯುಕ್ತವೇ. ಆದರೆ ಸಾಮಾನ್ಯ ಅರ್ಜಿಗಳ ಆ್ಯಪುಗಳಲ್ಲಿಯೂ ಆ ಸಾಲು ಮಂತ್ರದಂತೆ ಪ್ರತಿಯಾಯಿತು, ಕಾರಣವನ್ನು ವಿಚಾರಿಸುವವರಿಲ್ಲದೆ. ಮಂತ್ರವು ಕೈಕೊಟ್ಟ ಸಂದರ್ಭವೊಂದನ್ನು ಇಲ್ಲಿ ದಾಖಲಿಸಬೇಕು. ಆಂಡ್ರಾಯ್ಡ್ 3.2ರಲ್ಲಿ, ಎಂದರೆ ಡೆವಲಪರುಗಳ ಎಣಿಕೆಯ 13ನೆಯ ಮಟ್ಟದಲ್ಲಿ, ದಿಕ್ಕಿನ ಜತೆಗೆ ಪರದೆಯ ಅಳತೆಯೂ ಒಂದು ಪ್ರತ್ಯೇಕ ಪರಿಸ್ಥಿತಿಯೆಂದು ಪರಿಗಣಿತವಾಯಿತು. ಫೋನು ತಿರುಗಿದಾಗ ದಿಕ್ಕು ಬದಲಾಗುವಂತೆ ಅಗಲವೂ ಎತ್ತರವೂ ಬದಲಾಗುತ್ತವೆ. ‘ದಿಕ್ಕನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಮಾತ್ರ ಬರೆದಿದ್ದ ಆ್ಯಪು ಹೊಸ ಮಟ್ಟಕ್ಕೆ ಏರಿದೊಡನೆ, ಅಳತೆಯ ಬದಲಾವಣೆಯ ನೆಪದಿಂದ ಅದರ ಪುಟವು ಪುನಃ ನಾಶವಾಗತೊಡಗಿತು. ವರ್ಷಗಳಿಂದ ಮರೆತಿದ್ದ ನಷ್ಟವು ಏಕಾಏಕಿ ಬಾಗಿಲಲ್ಲಿ ನಿಂತಿತು. ಸಂಚಿಯ ಶಿಸ್ತನ್ನು ಪಾಲಿಸದೆ ಬಂದ ಆ್ಯಪುಗಳಲ್ಲಿ ಅದನ್ನು ತಡೆಯುವ ಸಿದ್ಧತೆಯೇನೂ ಇರಲಿಲ್ಲ.

ನಾನು ಅಡ್ಡದಾರಿಗಳನ್ನು ಒಪ್ಪದಿರುವುದಕ್ಕೆ ಇದಕ್ಕಿಂತ ಬಲವಾದ ಕಾರಣವಿದೆ. ನನ್ನ ನೆಂಟರೊಬ್ಬರು, ಹಳ್ಳಿಯಲ್ಲಿ ತೆಂಗು ಅಡಿಕೆ ಬೆಳೆಯುವವರು, ಬೆಳೆಯ ವಿವರವನ್ನು ನೋಂದಾಯಿಸುವ ಆ್ಯಪೊಂದರಲ್ಲಿ ಅರ್ಜಿ ತುಂಬುತ್ತಿದ್ದುದನ್ನು ನಾನು ಬಳಿಯಲ್ಲಿಯೇ ಕುಳಿತು ನೋಡಿದ್ದೇನೆ. ಪಹಣಿಯನ್ನು ತೊಡೆಯ ಮೇಲೆ ಹರಡಿಕೊಂಡು, ಕನ್ನಡಕವನ್ನು ಮೇಲೇರಿಸಿ, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಎಂದು ಅವರು ಒಂದೊಂದನ್ನೂ ಎರಡೆರಡು ಬಾರಿ ಓದಿ ಬರೆದರು. ಆ ಆ್ಯಪಿನಲ್ಲಿ ಪರದೆಯು ತಿರುಗುತ್ತಿರಲಿಲ್ಲ, ಬೀಗ ಹಾಕಿದ್ದರು. ಕೊನೆಯಲ್ಲಿ ತೋಟದ ಚಿತ್ರವನ್ನು ಸೇರಿಸಬೇಕಾಗಿತ್ತು. ಅವರು ಕ್ಯಾಮೆರಾ ಗುಂಡಿಯನ್ನೊತ್ತಿ, ಎದ್ದು ಬೇಲಿಯ ಬಳಿಗೆ ಹೋಗಿ, ಚಿತ್ರ ತೆಗೆದು, ಸರಿಯೆಂದು ಒಪ್ಪಿ ಹಿಂದಿರುಗಿದರು. ಅರ್ಜಿಯು ಖಾಲಿಯಾಗಿತ್ತು, ಚಿತ್ರವೂ ಇರಲಿಲ್ಲ. ‘ನಾನೇ ಏನೋ ತಪ್ಪು ಒತ್ತಿರಬೇಕು, ಬಿಡಪ್ಪ’ ಎಂದರು ಅವರು. ಅವರು ಯಾವುದನ್ನೂ ತಪ್ಪಾಗಿ ಒತ್ತಿರಲಿಲ್ಲ. ಹಳೆಯ, ಸ್ಮೃತಿ ಕಡಿಮೆಯಿರುವ ಫೋನುಗಳಲ್ಲಿ ಕ್ಯಾಮೆರಾ ಎಂಬುದು ಮಹಾಭೋಜಿ. ಅದು ಎದ್ದು ನಿಂತಾಗ ಹಿನ್ನೆಲೆಗೆ ಸರಿದ ಆ್ಯಪನ್ನು ವ್ಯವಸ್ಥೆಯು ಕೊಂದು ಸ್ಥಳ ಬಿಡಿಸಿಕೊಳ್ಳುತ್ತದೆ. ಹಿಂದಿರುಗಿದಾಗ ಹೊಸದಾಗಿ ಹುಟ್ಟಿಸಿ, ಸಂಚಿಯನ್ನು ಕೈಗೆ ಕೊಡುತ್ತದೆ. ಸಂಚಿಗೆ ಏನನ್ನೂ ಹಾಕದ ಆ್ಯಪಿಗೆ ಸಂಚಿಯಿಂದ ಪಡೆಯತಕ್ಕುದೂ ಏನಿಲ್ಲ.

ಪುಟವನ್ನು ಕೆಡವಿ ಕಟ್ಟುವ ಮೂಲನಿಶ್ಚಯವನ್ನು ನಾನು ಹಳಿಯಲಾರದಿರುವುದು ಇದಕ್ಕಾಗಿಯೇ. ಆ್ಯಪಿನ ಸಾವು ನಿಜವಾದುದು, ಅನಿವಾರ್ಯವಾದುದು, ಡೆವಲಪರನ ಮೇಜಿನ ಮೇಲೆ ಅಪರೂಪವಾಗಿ ಮಾತ್ರ ಕಾಣಿಸಿಕೊಳ್ಳತಕ್ಕದ್ದು. ಪರದೆಯು ತಿರುಗುವುದು ಆ ಸಾವಿನ ಪೂರ್ವಾಭ್ಯಾಸ. ಮಣಿಕಟ್ಟನ್ನು ಒಮ್ಮೆ ಹೊರಳಿಸಿದರೆ ಸಾಕು, ತಾನು ಕಟ್ಟಿದ ಅರ್ಜಿಯು ಸಾವನ್ನು ತಾಳಿಕೊಳ್ಳುವುದೋ ಇಲ್ಲವೋ ಎಂಬುದರ ಬಹುಭಾಗವು ಡೆವಲಪರನಿಗೆ ಕ್ಷಣಾರ್ಧದಲ್ಲಿ ತಿಳಿಯುತ್ತದೆ. ತಿರುಗುವಿಕೆಗೆ ಬೀಗ ಹಾಕಿದವನು ಪೂರ್ವಾಭ್ಯಾಸವನ್ನು ನಿಲ್ಲಿಸಿದನೇ ಹೊರತು ಸಾವನ್ನು ನಿಲ್ಲಿಸಲಿಲ್ಲ. ತನ್ನ ಕಣ್ಣಿಗೆ ಬೀಳಬೇಕಾಗಿದ್ದ ದೋಷವನ್ನು ದೂರದ ತೋಟದಲ್ಲಿ ನಿಂತವರ ಕೈಗೆ ಸಾಗಿಸಿದನು. ಮೂಲವಿನ್ಯಾಸಕಾರರಲ್ಲಿ ನಾನು ಕಾಣುವ ಕೊರತೆಯೆಂದರೆ, ಇಷ್ಟು ಗಂಭೀರವಾದ ಹೊಣೆಯನ್ನು ಆ್ಯಪು ಕಟ್ಟುವವನ ಮೇಲೆ ಹೊರಿಸಿದ ಅವರು, ಅದನ್ನು ಹೊರುವ ಹಗುರವಾದ ಸಾಧನವನ್ನು ಬಹುಕಾಲ ಕೊಡದೆ ಹೋದರು ಎಂಬುದು.

ಆ ಸಾಧನವು ಬಂದುದು 2017ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಗೂಗಲ್ ತನ್ನ ವಾರ್ಷಿಕ ಸಮ್ಮೇಳನದಲ್ಲಿ ಪ್ರಕಟಿಸಿ, ನವೆಂಬರಿನಲ್ಲಿ ಸ್ಥಿರರೂಪದಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ಗ್ರಂಥಾಲಯಗಳಲ್ಲಿ ವ್ಯೂಮಾಡೆಲ್ ಎಂಬುದೊಂದು. ಪುಟವು ಸತ್ತು ಹುಟ್ಟುವ ನಡುವೆ ತಾನು ಸಾಯದೆ ನಿಂತು, ಅರ್ಜಿಯ ಸ್ಥಿತಿಯನ್ನೂ ನಡೆಯುತ್ತಿರುವ ಕೆಲಸವನ್ನೂ ಕಾಪಾಡುವ ವಸ್ತು ಅದು. ಅದರ ಒಳಗುಟ್ಟು ಸ್ವಾರಸ್ಯವಾದುದು. ಆರಂಭದಲ್ಲಿ ಅದು ಅವಲಂಬಿಸಿದ್ದುದು ಸಾಯದೆ ಉಳಿಯುವ ಅದೃಶ್ಯ ಫ್ರಾಗ್ಮೆಂಟನ್ನು. ಮುಂದೆ ಆ ಊರುಗೋಲನ್ನು ಬಿಟ್ಟು, ಮೊದಲ ಆವೃತ್ತಿಯ ಆ ಗುಪ್ತ ದ್ವಾರವನ್ನೇ, ಎಲ್ಲರೂ ಬಿಟ್ಟುಬಿಡಿರೆಂದು ಸೂಚಿಸಿದ್ದ ದ್ವಾರವನ್ನೇ, ಮತ್ತೆ ತೆರೆದು ಬಳಸಿಕೊಂಡಿತು. 2008ರಲ್ಲಿ ಕೊರೆದ ಕಿಂಡಿಯ ಮೂಲಕವೇ ಇಂದಿಗೂ ಅಸಂಖ್ಯಾತ ಅರ್ಜಿಗಳು ಒಂದು ಪುಟದಿಂದ ಇನ್ನೊಂದಕ್ಕೆ ದಾಟುತ್ತಿವೆ.

ಆದರೆ ವ್ಯೂಮಾಡೆಲ್ ಬಂದ ಉತ್ಸಾಹದಲ್ಲಿ ಒಂದು ಹೊಸ ಭ್ರಾಂತಿ ಹುಟ್ಟಿತು. ಪರದೆ ತಿರುಗಿದರೆ ಅದು ಉಳಿಯುತ್ತದೆ. ಆ್ಯಪೇ ಸತ್ತರೆ ಅದೂ ಸಾಯುತ್ತದೆ. ತಿರುಗಿಸಿ ನೋಡಿ ಎಲ್ಲವೂ ಉಳಿದುದನ್ನು ಕಂಡು ತೃಪ್ತರಾದವರು ಸಂಚಿಯನ್ನು ಮರೆತರು. ಕ್ಯಾಮೆರಾದಿಂದ ಹಿಂದಿರುಗಿದವರ ಅರ್ಜಿಯು ಮತ್ತೆ ಖಾಲಿಯಾಯಿತು. ಇನ್ನೊಂದು ಅತಿಯೂ ಉಂಟು: ಸಂಚಿಯಲ್ಲಿ ಎಲ್ಲವನ್ನೂ, ಚಿತ್ರಗಳನ್ನು ಸಹ, ತುರುಕಿದವರ ಅತಿ. ಸಂಚಿಯು ವ್ಯವಸ್ಥೆಯ ಕೈಗೆ ಸೇರುವ ಕಾಲುವೆಯಲ್ಲಿ, ಒಂದು ಆ್ಯಪಿನ ಎಲ್ಲ ವ್ಯವಹಾರಗಳಿಗೂ ಸೇರಿ ಸುಮಾರು 1 ಮೆಗಾಬೈಟಿನಷ್ಟು ಮಾತ್ರ ಅವಕಾಶ. 2016ರ ಆಂಡ್ರಾಯ್ಡ್ 7ರಿಂದ ಮೊದಲ್ಗೊಂಡು, ಮಿತಿ ಮೀರಿದ ಆ್ಯಪನ್ನು ವ್ಯವಸ್ಥೆಯು ಅಲ್ಲಿಯೇ ಕೆಡವತೊಡಗಿತು. ಸಣ್ಣ ಪಠ್ಯಕ್ಕೆ ಸಂಚಿ, ದೊಡ್ಡ ಸಾಮಗ್ರಿಗೆ ಫೋನಿನ ದಾಖಲೆಕೋಶ, ನಡೆಯುತ್ತಿರುವ ಕೆಲಸಕ್ಕೆ ವ್ಯೂಮಾಡೆಲ್ ಎಂಬ ವಿಭಾಗಕ್ರಮವು ಅನುಭವದಿಂದ ನೆಲೆಗೊಂಡಿತು. ವ್ಯೂಮಾಡೆಲ್ಲಿಗೂ ಸಂಚಿಗೂ ಸೇತುವೆಯಾಗುವ ಕೊಂಡಿಯೊಂದು 2020ರ ಹೊತ್ತಿಗೆ ಸಿದ್ಧವಾಯಿತು. 2021ರ ಜುಲೈನಲ್ಲಿ ಸ್ಥಿರವಾದ ಕಂಪೋಸ್ ಎಂಬ ಹೊಸ ಪದ್ಧತಿಯಲ್ಲಿ, ಪುಟವು ಬದುಕಿರುವಷ್ಟು ಹೊತ್ತು ಮಾತ್ರ ನೆನಪಿಡು ಎಂಬುದಕ್ಕೊಂದು ಆಜ್ಞೆ, ಸತ್ತು ಹುಟ್ಟಿದರೂ ನೆನಪಿಡು ಎಂಬುದಕ್ಕೊಂದು ಆಜ್ಞೆ. ಎರಡರ ನಡುವಣ ಅಂತರವು ಒಂದೇ ಪದದಷ್ಟು. ಅವಸರದಲ್ಲಿ ಮೊದಲನೆಯದನ್ನು ಬರೆದವನ ಅರ್ಜಿಯು 2009ರ ಅರ್ಜಿಯಂತೆಯೇ ಅಳಿಸಿಹೋಗುತ್ತದೆ.

ಎಲ್ಲವನ್ನೂ ಕಾಪಾಡಬೇಕೆಂದು ಇದರ ಅರ್ಥವಲ್ಲ. ಗುಪ್ತಪದ, ಬ್ಯಾಂಕಿನ ರಹಸ್ಯಸಂಖ್ಯೆ, ಕ್ಷಣಕಾಲ ಮಾತ್ರ ಸಲ್ಲುವ ಒಟಿಪಿ ಇಂತಹವನ್ನು ಅಳಿಯಲು ಬಿಡುವುದೇ ಕ್ಷೇಮ.

ಕನ್ನಡದಲ್ಲಿ ಬರೆಯುವವರಿಗೆ ಈ ಚರಿತ್ರೆಯು ಪರಕೀಯವಾದುದಲ್ಲ. ಒತ್ತಕ್ಷರಗಳನ್ನೂ ಕಾಗುಣಿತವನ್ನೂ ಬೆರಳಿನ ತುದಿಯಲ್ಲಿ ಕಿಕ್ಕಿರಿದ ಗುಂಡಿಗಳಿಂದ ಆರಿಸಬೇಕಾದವರು, ಗುಂಡಿಗಳು ಅಗಲವಾಗಲೆಂದು ಫೋನನ್ನು ಅಡ್ಡ ಹಿಡಿಯುವುದು ಸಹಜ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಪುಟದ ನಾಶಕ್ಕೆ ದಿಕ್ಕಿನ ಬದಲಾವಣೆಯೊಂದೇ ಕಾರಣವಲ್ಲ. ಫೋನಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದರೂ ವ್ಯವಸ್ಥೆಯು ಅದೇ ರೀತಿಯಲ್ಲಿ ಪುಟವನ್ನು ಕೆಡವಿ, ಕನ್ನಡದ ಕೋಶದಿಂದ ಮಾತುಗಳನ್ನು ತೆಗೆದು ಪುನಃ ಕಟ್ಟುತ್ತದೆ. 2022ರ ಆಂಡ್ರಾಯ್ಡ್ 13ರಲ್ಲಿ, ಒಂದೊಂದು ಆ್ಯಪಿಗೂ ಬೇಕಾದ ಭಾಷೆಯನ್ನು ಪ್ರತ್ಯೇಕವಾಗಿ ಆರಿಸುವ ಸೌಕರ್ಯವು ಬಂದಿತು. ಅರ್ಜಿಯ ಅರ್ಧಭಾಗವನ್ನು ಇಂಗ್ಲಿಷಿನ ಪ್ರಶ್ನೆಗಳಿಗೆ ಉತ್ತರಿಸಿ ತುಂಬಿ, ಒಂದು ಪ್ರಶ್ನೆಯು ಅರ್ಥವಾಗದೆ, ಕನ್ನಡಕ್ಕೆ ಬದಲಿಸಿ ಹಿಂದಿರುಗಿದವನು ತಾನು ಅಷ್ಟರವರೆಗೆ ಬರೆದುದನ್ನು ಕಳೆದುಕೊಂಡರೆ, ತನ್ನ ಭಾಷೆಯನ್ನು ಕೇಳಿದುದಕ್ಕೆ ಆತನಿಗೆ ದಂಡ ವಿಧಿಸಿದಂತಾಗುತ್ತದೆ. ಕಣ್ಣು ಮಂದವಾದವರು ಅಕ್ಷರಗಳ ಗಾತ್ರವನ್ನು ಹಿಗ್ಗಿಸಿಕೊಂಡಾಗಲೂ, ಪರದೆಯನ್ನು ಕಪ್ಪು ಬಣ್ಣಕ್ಕೆ ತಿರುಗಿಸಿಕೊಂಡಾಗಲೂ ನಡೆಯುವುದು ಇದೇ ವಿಧಿ. ಪರದೆಯ ದಿಕ್ಕಿಗೆ ಮಾತ್ರ ಬೀಗ ಹಾಕಿ ನಿಶ್ಚಿಂತರಾದವರು ಈ ಬಾಗಿಲುಗಳನ್ನೆಲ್ಲ ತೆರೆದೇ ಬಿಟ್ಟಿರುತ್ತಾರೆ.

ಈಚಿನ ವರ್ಷಗಳಲ್ಲಿ ಆ ಬೀಗವೂ ಸಡಿಲವಾಗುತ್ತಿದೆ. ಒಂದೇ ಪರದೆಯನ್ನು ಎರಡು ಆ್ಯಪುಗಳು ಹಂಚಿಕೊಳ್ಳುವ ಪದ್ಧತಿಯು 2016ರಲ್ಲಿ ಬಂದಿತು. ಪುಸ್ತಕದಂತೆ ಮಡಿಸಿ ಬಿಡಿಸುವ ಫೋನುಗಳು 2019ರಿಂದ ಅಂಗಡಿಗಳಲ್ಲಿ ಕಾಣಿಸಿಕೊಂಡವು. ಮಡಿಸಿದಾಗ ಒಂದು ಅಳತೆ, ಬಿಡಿಸಿದಾಗ ಇನ್ನೊಂದು. 2025ರ ಜೂನಿನಲ್ಲಿ ಬಂದ ಆಂಡ್ರಾಯ್ಡ್ 16, ಆ ಆವೃತ್ತಿಯನ್ನು ಗುರಿಯಾಗಿಸಿಕೊಂಡ ಆ್ಯಪುಗಳು ಪರದೆಯ ದಿಕ್ಕಿಗೆ ಹಾಕಿದ ಬೀಗವನ್ನು ದೊಡ್ಡ ಪರದೆಗಳ ಮೇಲೆ ಮನ್ನಿಸದಿರುವುದನ್ನೇ ಸಾಮಾನ್ಯ ನಿಯಮವನ್ನಾಗಿ ಮಾಡಿತು.

ಆದುದರಿಂದ ಅರ್ಜಿಗಳ ಆ್ಯಪನ್ನು ಕಟ್ಟುವ, ಕಟ್ಟಿಸುವ, ಪರೀಕ್ಷಿಸುವ ಸ್ನೇಹಿತರಲ್ಲಿ ನನ್ನ ವಿನಂತಿಯಿಷ್ಟು. ನಿಮ್ಮ ಅರ್ಜಿಯ ಪ್ರತಿಯೊಂದು ಚೌಕವನ್ನೂ ಬೇರೆ ಬೇರೆ ಪಠ್ಯದಿಂದ ತುಂಬಿ ಫೋನನ್ನು ತಿರುಗಿಸಿ ನೋಡಿರಿ. ಭಾಷೆಯನ್ನು ಬದಲಿಸಿ ನೋಡಿರಿ. ಅಕ್ಷರದ ಗಾತ್ರವನ್ನು ಹಿಗ್ಗಿಸಿ ನೋಡಿರಿ. ಬಳಿಕ ಡೆವಲಪರುಗಳಿಗೆಂದೇ ಇರುವ ಆಯ್ಕೆಗಳಲ್ಲಿ, ಬಿಟ್ಟುಹೋದ ಪುಟವನ್ನು ಕೂಡಲೇ ನಾಶಮಾಡಿಸುವ ಗುಂಡಿಯನ್ನೊತ್ತಿ, ಕ್ಯಾಮೆರಾಕ್ಕೆ ಹೋಗಿ ಬನ್ನಿರಿ. ಹಿನ್ನೆಲೆಯಲ್ಲಿರುವ ಆ್ಯಪನ್ನು ಆಜ್ಞೆಯಿತ್ತು ಕೊಂದು ಮತ್ತೆ ತೆರೆಯಿರಿ. ಇದಕ್ಕೆಲ್ಲ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಇಷ್ಟನ್ನೂ ದಾಟಿ ಪ್ರತಿಯೊಂದು ಅಕ್ಷರವೂ ತನ್ನ ತನ್ನ ಚೌಕದಲ್ಲಿಯೇ ಉಳಿದಿದ್ದರೆ ಆಗ ಆ ಆ್ಯಪನ್ನು ಜನರ ಕೈಗೆ ಕೊಡಿರಿ, ಉಳಿಯದಿದ್ದರೆ ಕೊಡಬೇಡಿರಿ.